ಟೆಂಟ್ ಹಾಕಿದ ಊರಲ್ಲಿ ಹಗಲು ಹೊತ್ತು: ಆಲೆಮನೆ, ಫಿಲೇಚರ್, ಕಾಫಿ ಕಣ ನೋಡಿದವರು ಹೇಳಿ

ಹೊಳೆದಂಡೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ನಾನು, ನನ್ನ ಹೆಂಡತಿ, 11 ವರ್ಷದ ಮಗಳು, 7 ವರ್ಷದ ಮಗ. ವರ್ಷಕ್ಕೆ ಮೂರು ನಾಲ್ಕು ಸಲ ಟೆಂಟ್ ಕಟ್ಟಿಕೊಂಡು ಹೊರಡುತ್ತೇವೆ. ಬೆಳಗ್ಗೆ ಹಕ್ಕಿ, ಹೊಳೆ ಅಂತ ಹೊತ್ತು ಹೋಗುತ್ತದೆ. ಸಂಜೆ ಅಡುಗೆ, ಬೆಂಕಿ, ಮಾತು. ಕಷ್ಟ ಇರುವುದು ಹನ್ನೊಂದರಿಂದ ನಾಲ್ಕರವರೆಗೆ. ಟೆಂಟ್ ಒಳಗೆ ಕೂರಲು ಆಗುವುದಿಲ್ಲ, ಹೊರಗೆ ಬಿಸಿಲು. ಮಕ್ಕಳು ಮೊಬೈಲ್ ಕೇಳಲು ಶುರು ಮಾಡುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಹಲಗೂರಿನ ಕಡೆ ಒಬ್ಬ ರೈತರ ತೆಂಗಿನ ತೋಟದಲ್ಲಿ ಎರಡು ರಾತ್ರಿ ಇದ್ದೆವು. ಎರಡನೇ ದಿನ ಮಧ್ಯಾಹ್ನ ತೋಟದ ಯಜಮಾನರು ಬಂದು, "ಸುಮ್ನೆ ಯಾಕೆ ಕೂತಿದ್ದೀರಿ, ಬನ್ನಿ ಆಲೆಮನೆ ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು. ಗದ್ದೆ ದಾಟಿದರೆ ಸಿಕ್ಕಿತು. ದೂರದಿಂದಲೇ ವಾಸನೆ. ಗಾಣದ ಬಾಯಿಂದ ಕಬ್ಬಿನ ಹಾಲು ತೊಟ್ಟಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಕೊಪ್ಪರಿಗೆ, ನಮ್ಮ ಟೆಂಟ್‌ನಷ್ಟು ಅಗಲ. ಒಲೆಯ ಬಾಯಿಗೆ ಒಬ್ಬರು ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಲೇ ಇದ್ದರು.

ಬೆಲ್ಲ ಕಾಯಿಸುವವರು ಕೋಲಿನ ತುದಿಯಲ್ಲಿ ಒಂದಿಷ್ಟು ಪಾಕ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಟ್ಟರು. ಬೆರಳಲ್ಲಿ ಉಂಡೆ ಮಾಡಿ ಬಟ್ಟಲಿನ ಅಂಚಿಗೆ ಹೊಡೆದರು. ಮೆತ್ತಗೆ ಅಂಟಿಕೊಂಡಿತು. "ಇನ್ನೂ ಇಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಕೆಲಸ. ಈ ಸಲ ಟಣ್ ಅಂದಿತು. ಅಷ್ಟೇ, ಎಲ್ಲರೂ ಒಟ್ಟಿಗೆ ಎದ್ದರು. ಎರಡು ಮೂರು ನಿಮಿಷದಲ್ಲಿ ಇಡೀ ಕೊಪ್ಪರಿಗೆ ಖಾಲಿಯಾಗಿ ಪಾಕ ಅಗಲವಾದ ತೊಟ್ಟಿಗೆ ಬಂತು. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ನನ್ನ ಮಗ ಆ ಟಣ್ ಶಬ್ದವನ್ನು ಇನ್ನೂ ಮರೆತಿಲ್ಲ. ಮನೆಯಲ್ಲಿ ಏನೇ ವಸ್ತು ಕೈಗೆ ಸಿಕ್ಕರೂ "ಅಪ್ಪಾ, ಇದನ್ನ ಯಾರು ಮಾಡೋದು, ಎಲ್ಲಿ ಮಾಡೋದು" ಅಂತ ಕೇಳುತ್ತಾನೆ.

ಅದಕ್ಕೇ ಈ ಪ್ರಶ್ನೆ. ಡಿಸೆಂಬರ್ ಕೊನೆಯ ವಾರ ಐದು ರಾತ್ರಿ ಹೊರಡುತ್ತಿದ್ದೇವೆ. ಮೊದಲ ಎರಡು ರಾತ್ರಿ ಅದೇ ತೆಂಗಿನ ತೋಟ. ಆಮೇಲೆ ಮೈಸೂರು, ಹಾಸನ ದಾಟಿ ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟ್‌ನಲ್ಲಿ ಮೂರು ರಾತ್ರಿ. ದಾರಿಯಲ್ಲಿ ಏನು ನೋಡಬಹುದು? ಒಳಗೆ ಬಿಡುತ್ತಾರಾ? ಯಾರನ್ನು ಕೇಳಬೇಕು? ಶೋರೂಮ್ ಬೇಡ. ಕೆಲಸ ನಡೆಯುವ ಜಾಗ ಬೇಕು.

ಗಾಣದಮನೆ (ಮಂಡ್ಯ)

ಓದಿ ತುಂಬಾ ಸಂತೋಷ ಆಯಿತು ಸರ್. ನಮ್ಮ ತಾತನ ಕಾಲದಿಂದ ಆಲೆಮನೆ ಇದೆ. ಒಂದೆರಡು ಮಾತು ಸೇರಿಸುತ್ತೇನೆ.

ಹತ್ತು ಕೆಜಿ ಕಬ್ಬು ಅರೆದರೆ ಸುಮಾರು ಒಂದು ಕೆಜಿ ಬೆಲ್ಲ. ಇದನ್ನು ಮಕ್ಕಳಿಗೆ ಅಲ್ಲೇ ತೋರಿಸಿ. ಒಂದು ಅಚ್ಚುಬೆಲ್ಲ ಕೈಗೆ ಕೊಟ್ಟು, ಇದಕ್ಕೆ ಎಷ್ಟು ಜಲ್ಲೆ ಹೋಗಿದೆ ನೋಡು ಅಂತ ಹೇಳಿದರೆ ಸಾಕು. ಹಾಲು ಕಾಯುವಾಗ ಸುಣ್ಣದ ನೀರು ಹಾಕುತ್ತಾರೆ. ಕೊಳೆ ಎಲ್ಲ ಮೇಲೆ ತೇಲಿ ಬರುತ್ತದೆ, ಅದನ್ನು ತೆಗೆದು ಹಾಕಬೇಕು. ಹಿಂದೆ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು. ಈಗಲೂ ಕೆಲವರು ಹಾಕುತ್ತಾರೆ. ಹಾಕುವ ಕಡೆ ಸಿಕ್ಕರೆ ಬಿಡದೆ ನೋಡಿ.

ಬಣ್ಣದ ಬಗ್ಗೆ ಒಂದು ಮಾತು. ಕೊಳ್ಳುವವರು ಹಳದಿಯಾಗಿ ಹೊಳೆಯುವ ಬೆಲ್ಲವೇ ಬೇಕು ಅನ್ನುತ್ತಾರೆ. ಆ ಬಣ್ಣ ಬರಲು ಎಷ್ಟೋ ಕಡೆ ಹೈಡ್ರೋಸ್ ಅನ್ನುವ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರೆ. ಹಾಕದ ಬೆಲ್ಲ ಕಂದು, ಇಟ್ಟಷ್ಟೂ ಕಪ್ಪಾಗುತ್ತದೆ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಇದು ನಮಗೆ ನೋವಿನ ವಿಷಯ. ನೋಡಲು ಬಂದವರು ಕಂದು ಬೆಲ್ಲ ಕೇಳಿ ತಗೊಂಡರೆ ಮಾಡುವವರಿಗೆ ಧೈರ್ಯ ಬರುತ್ತದೆ.

ಗಾಣದ ಹತ್ತಿರ ಮಕ್ಕಳನ್ನು ಬಿಡಬೇಡಿ. ದುಪಟ್ಟಾ, ಸಡಿಲವಾದ ತೋಳು, ಜಡೆ ಎಲ್ಲ ಬಿಗಿಯಾಗಿ ಕಟ್ಟಿಕೊಳ್ಳಿ. ಕೊಪ್ಪರಿಗೆಯಿಂದ ಎರಡು ಮಾರು ದೂರ ಇರಿ. ಕುದಿಯುವ ಪಾಕ ಮೈಮೇಲೆ ಬಿದ್ದರೆ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಂಟಿಕೊಳ್ಳುತ್ತದೆ.

ರೀಲರ್ ಮನೆ (ರಾಮನಗರ)

ಬೆಂಗಳೂರಿನಿಂದ ಹೊರಟರೆ ಮೊದಲು ಸಿಗುವುದೇ ನಮ್ಮೂರು. ಬೇಗ ಹೊರಟು ಬೆಳಗ್ಗೆಯೇ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬನ್ನಿ. ರೈತರು ರಾತ್ರಿಯೆಲ್ಲ ಪ್ರಯಾಣ ಮಾಡಿ ಗೂಡು ತಂದಿರುತ್ತಾರೆ. ಹಳದಿ ಗೂಡು ಸಿಬಿ, ಅಂದರೆ ಮಿಶ್ರ ತಳಿ. ಬಿಳಿ ಗೂಡು ಬೈವೋಲ್ಟಿನ್ ಅನ್ನುವ ತಳಿ. ಹರಾಜು ಈಗ ಮೊಬೈಲ್‌ನಲ್ಲೇ ನಡೆಯುತ್ತದೆ. ಆದರೂ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ರಾಶಿಯಿಂದ ರಾಶಿಗೆ ಓಡಾಡಿ, ಗೂಡು ಕೈಯಲ್ಲಿ ಅಲ್ಲಾಡಿಸಿ, ಕಿವಿ ಹತ್ತಿರ ಹಿಡಿದು ನೋಡುತ್ತಾರೆ. ಒಳಗಿನ ಹುಳು ಸರಿಯಾಗಿ ಪ್ಯೂಪಾ (ಚಿಟ್ಟೆಯಾಗುವ ಮೊದಲಿನ ಹಂತ) ಆಗಿದ್ದರೆ ಶಬ್ದವೇ ಬೇರೆ. ನಮ್ಮಪ್ಪ ಒಂದು ಹಿಡಿ ಗೂಡು ಕೈಗೆ ತಗೊಂಡು ಎಷ್ಟು ನೂಲು ಬರುತ್ತದೆ ಅಂತ ಹೇಳಿಬಿಡುತ್ತಿದ್ದರು.

ಮಾರುಕಟ್ಟೆ ಆದ ಮೇಲೆ ಒಂದು ಫಿಲೇಚರ್, ಅಂದರೆ ಗೂಡಿನಿಂದ ನೂಲು ತೆಗೆಯುವ ಜಾಗ ನೋಡಿ. ಊರಿನ ಎಷ್ಟೋ ಬೀದಿಗಳಲ್ಲಿ ಸಣ್ಣ ಯೂನಿಟ್ ಇವೆ. ಮಾರುಕಟ್ಟೆಯಲ್ಲೇ ಯಾರಾದರೂ ರೀಲರ್ ಹತ್ತಿರ ಮರ್ಯಾದೆಯಿಂದ ಕೇಳಿದರೆ ಕರೆದುಕೊಂಡು ಹೋಗುತ್ತಾರೆ. ಗೂಡನ್ನು ಬಿಸಿನೀರಲ್ಲಿ ಬೇಯಿಸಿದಾಗ ಅಂಟು ಸಡಿಲ ಆಗುತ್ತದೆ. ಎಳೆಯ ತುದಿ ಹುಡುಕಿ, ಏಳೆಂಟು ಗೂಡಿನ ಎಳೆ ಒಟ್ಟು ಸೇರಿಸಿ ಒಂದು ನೂಲು ಮಾಡುತ್ತಾರೆ. ಒಂದೇ ಗೂಡಿನ ಎಳೆ ಬಿಚ್ಚಿದರೆ 600 ಮೀಟರಿನಿಂದ 1,000 ಮೀಟರ್‌ವರೆಗೆ ಬರುತ್ತದೆ. ಬೈವೋಲ್ಟಿನ್‌ನಲ್ಲಿ ಜಾಸ್ತಿ. ಆ ಎಳೆ ಕಣ್ಣಿಗೆ ಕಾಣುವುದೇ ಇಲ್ಲ, ಬೆಳಕಿಗೆ ಹಿಡಿದರೆ ಮಾತ್ರ ಮಿಂಚುತ್ತದೆ. ಗೂಡು ಹಾಕಿದ ನೀರಿನ ಬೇಸಿನ್ ಮುಂದೆ ಕೂತ ಹೆಂಗಸರು ಅದನ್ನು ನೋಡಿ ಹುಡುಕುವುದಿಲ್ಲ. ಬೆರಳ ತುದಿಗೆ ತಾಗಿದರೆ ಸಾಕು, ಎತ್ತಿ ಸೇರಿಸಿಬಿಡುತ್ತಾರೆ.

ವಾಸನೆ ಇರುತ್ತದೆ, ಮೊದಲೇ ಹೇಳುತ್ತಿದ್ದೇನೆ. ಮೂಗು ಮುಚ್ಚಿಕೊಳ್ಳಬೇಡಿ. ಅವರು ಬೆಳಗಿನಿಂದ ಸಂಜೆವರೆಗೆ ಅದರಲ್ಲೇ ಇರುತ್ತಾರೆ.

ಇಬ್ಬರ ಅಮ್ಮ (ತುಮಕೂರು)

ರೀಲರ್ ಮನೆ ಅವರೇ, ಒಂದು ಕೇಳಬೇಕಿತ್ತು. ನಾವೂ ಹೋದ ವರ್ಷ ಹೀಗೆ ನೋಡಲು ಹೋಗಿದ್ದೆವು. ಗೂಡಿನ ಒಳಗೆ ಹುಳು ಇದೆ, ಅದು ಬಿಸಿನೀರಲ್ಲಿ ಸಾಯುತ್ತದೆ ಅಂತ ಗೊತ್ತಾದ ಕೂಡಲೇ ನನ್ನ ಚಿಕ್ಕ ಮಗಳು ಅಳಲು ಶುರು ಮಾಡಿದಳು. ಅಲ್ಲಿದ್ದವರಿಗೆ ಬೇಜಾರಾಯಿತು, ನಮಗೂ ಬೇಜಾರಾಯಿತು. ಅರ್ಧಕ್ಕೇ ಬಂದುಬಿಟ್ಟೆವು. ಮಕ್ಕಳಿಗೆ ಇದನ್ನು ಹೇಗೆ ಹೇಳುವುದು?

ರೀಲರ್ ಮನೆ (ರಾಮನಗರ)

ಅಕ್ಕ, ಒಳಗೆ ಹೋಗುವ ಮೊದಲೇ ಹೇಳಿಬಿಡಿ. ಅಲ್ಲಿ ಹೋಗಿ ತಿಳಿದರೆ ಮೋಸ ಹೋದ ಹಾಗೆ ಆಗುತ್ತದೆ. ಹುಳು ಚಿಟ್ಟೆಯಾಗಿ ಹೊರಗೆ ಬಂದರೆ ಗೂಡು ತೂತಾಗುತ್ತದೆ, ಎಳೆ ತುಂಡಾಗುತ್ತದೆ, ಉದ್ದ ನೂಲು ಬರುವುದಿಲ್ಲ. ಅದಕ್ಕೇ ಮೊದಲೇ ಕೊಲ್ಲುತ್ತಾರೆ. ಇದನ್ನು ಮುಚ್ಚಿಡಬೇಡಿ. ಬೇಡ ಅಂದರೆ ಹೊರಗೆ ಇರಲಿ, ಬಲವಂತ ಬೇಡ.

ಇನ್ನೊಂದು ದಾರಿ ಇದೆ. ಮೊದಲು ಹುಳು ಸಾಕುವ ಮನೆ ತೋರಿಸಿ. ಹಿಪ್ಪುನೇರಳೆ ಸೊಪ್ಪು ಹಾಕಿದಾಗ ಹುಳುಗಳು ತಿನ್ನುವ ಸದ್ದು ಸಣ್ಣ ಮಳೆ ಬಂದ ಹಾಗೆ ಕೇಳುತ್ತದೆ. ಚಂದ್ರಿಕೆಯ (ಗೂಡು ಕಟ್ಟಲು ಹುಳು ಬಿಡುವ ತಟ್ಟೆ) ಮೇಲೆ ಹುಳು ತಲೆ ಆಡಿಸುತ್ತಾ ಗೂಡು ಕಟ್ಟುವುದನ್ನು ನೋಡಬಹುದು. ಹುಳುಮನೆ ಒಳಗೆ ಹೋಗುವಾಗ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹೋಗಬೇಕು. ಹುಳುವಿಗೆ ರೋಗ ಬೇಗ ತಗಲುತ್ತದೆ, ಒಂದು ಬೆಳೆ ಹೋದರೆ ರೈತರಿಗೆ ತಿಂಗಳ ದುಡಿಮೆ ಹೋದ ಹಾಗೆ. ಸೊಳ್ಳೆಗೆ ಹಚ್ಚುವ ಕ್ರೀಮ್ ಹಚ್ಚಿಕೊಂಡು ಹೋಗಲೇಬೇಡಿ. ಟೆಂಟ್‌ನಲ್ಲಿ ಇರುವವರು ಎಲ್ಲರೂ ಅದನ್ನು ಹಚ್ಚಿಕೊಂಡಿರುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಳೇ ಸ್ಕೌಟ್ (ಮೈಸೂರು)

ರಾಮನಗರ ಆದ ಮೇಲೆ ಚನ್ನಪಟ್ಟಣ ಬಿಡಬೇಡಿ. ಹೆದ್ದಾರಿ ಬದಿಯ ಅಂಗಡಿಯಲ್ಲಿ ನಿಲ್ಲಬೇಡಿ, ಊರೊಳಗೆ ಕಲಾನಗರದ ಕಡೆ ಹೋಗಿ. ಆಲೆ ಅನ್ನುವ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುತ್ತದೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿದರೆ ಹೊಳಪು. ಒಂದು ಬುಗುರಿ ಆಗಲು ನಾಲ್ಕೈದು ನಿಮಿಷ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ಮೈಸೂರಿನಲ್ಲಿ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತದೆ. ರಾಮನಗರದಲ್ಲಿ ಎಳೆ ನೋಡಿದವರು ಇಲ್ಲಿ ಸೀರೆ ನೋಡಿದರೆ ಕಥೆ ಪೂರ್ತಿ ಆಗುತ್ತದೆ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ಮೊದಲೇ ಫೋನ್ ಮಾಡಿ ಒಳಗೆ ಬಿಡುವ ದಿನ, ಹೊತ್ತು ಕೇಳಿಕೊಳ್ಳಿ. ಭಾನುವಾರ, ಸರ್ಕಾರಿ ರಜೆ ನೋಡಿಕೊಂಡು ಹೊರಡಿ. ಫೋಟೋ ತೆಗೆಯುವ ಹಾಗಿಲ್ಲ. ಮಗ್ಗಗಳ ಸದ್ದು ಜೋರು, ಸಣ್ಣ ಮಕ್ಕಳ ಕಿವಿಗೆ ಹತ್ತಿ ಇಡಿ.

ಮೂಡಿಗೆರೆ ಮಳೆ

ಹೊಳೆದಂಡೆ ಸರ್, ಡಿಸೆಂಬರ್ ಕೊನೆಗೆ ಬರುತ್ತಿದ್ದೀರಿ ಅಂದರೆ ನಿಮ್ಮ ಅದೃಷ್ಟ. ಅರೇಬಿಕಾ ಕೊಯ್ಲಿನ ಹೊತ್ತು ಅದು. ರೊಬಸ್ಟಾ ಜನವರಿಯಿಂದ. ಎಲ್ಲರೂ ಬಂದವರೇ "ಕಾಫಿ ಕಾರ್ಖಾನೆ ಎಲ್ಲಿ" ಅಂತ ಕೇಳುತ್ತಾರೆ. ನಾನು ಹೇಳುವುದು ಏನೆಂದರೆ, ನೀವು ಟೆಂಟ್ ಹಾಕಿರುವ ಎಸ್ಟೇಟ್‌ನಲ್ಲೇ ಅರ್ಧ ಕಾರ್ಖಾನೆ ಇದೆ.

ಸಂಜೆ ನಾಲ್ಕೂವರೆ ಸುಮಾರಿಗೆ ಹಣ್ಣು ಅಳೆಯುವ ಜಾಗಕ್ಕೆ ಹೋಗಿ. ಬೆಳಗಿನಿಂದ ಕೊಯ್ದವರು ಚೀಲ ಹೊತ್ತು ಬರುತ್ತಾರೆ. ತೂಕ ಆಗುತ್ತದೆ, ರೈಟರ್ (ಎಸ್ಟೇಟ್‌ನ ಲೆಕ್ಕ ಬರೆಯುವವರು) ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅಡ್ಡ ನಿಲ್ಲಬೇಡಿ, ಮಾತಾಡಿಸಬೇಡಿ. ಅದು ಅವರ ಆ ದಿನದ ಕೂಲಿಯ ಲೆಕ್ಕ. ತೂಕ ಆದ ಮೇಲೆ ಹಣ್ಣು ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹೋಗುತ್ತದೆ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ತಡ ಮಾಡಿದರೆ ಹುಳಿ ಬರುತ್ತದೆ. ಅದಕ್ಕೇ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಕತ್ತಲಾದ ಮೇಲೂ ಪಲ್ಪರ್ ಸದ್ದು ಕೇಳುತ್ತದೆ. ಕೆಂಪು ಸಿಪ್ಪೆ ಒಂದು ಕಡೆ, ಅಂಟು ಅಂಟಾದ ಬೀಜ ಇನ್ನೊಂದು ಕಡೆ. ಬೀಜವನ್ನು ತೊಟ್ಟಿಯಲ್ಲಿ ಬಿಟ್ಟು ಅಂಟು ಹೋಗುವವರೆಗೆ ಕಾಯಬೇಕು. ಅಂಟು ಹೋಯಿತಾ ಅಂತ ತಿಳಿಯಲು ಒಂದು ಹಿಡಿ ಬೀಜ ಕೈಯಲ್ಲಿ ಹಿಚುಕುತ್ತಾರೆ. ಜಾರಿದರೆ ಇನ್ನೂ ಬೇಕು. ಮರಳಿನ ಹಾಗೆ ಒರಟಾಗಿ ಸಿಕ್ಕಿದರೆ ತೊಳೆಯಬಹುದು. ಆಲೆಮನೆಯ ಟಣ್ ಶಬ್ದ ಹೇಳಿದಿರಲ್ಲ, ಹಾಗೇ ಇದೂ.

ಒಂದು ಹಣ್ಣು ಮಕ್ಕಳ ಕೈಗೆ ಕೊಟ್ಟು ಒತ್ತಲು ಹೇಳಿ. ಎರಡು ಚಪ್ಪಟೆ ಬೀಜ ಬರುತ್ತವೆ. ಎಲ್ಲೋ ಒಂದರಲ್ಲಿ ಒಂದೇ ಒಂದು ಗುಂಡು ಬೀಜ ಇರುತ್ತದೆ. ಅದೇ ಪೀಬೆರಿ. ಹುಡುಕಲು ಬಿಡಿ, ಅರ್ಧ ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ಆದರೆ ಕೇಳದೆ ಗಿಡದಿಂದ ಕೀಳಬೇಡಿ. ಸುಮಾರು ಆರು ಕೆಜಿ ಹಣ್ಣಿನಿಂದ ಒಂದು ಕೆಜಿ ಕಾಫಿ ಬೀಜ ಬರುವುದು.

ಉಳಿದ ಅರ್ಧ ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ. ಅಲ್ಲಿ ಬೀಜದ ಮೇಲಿನ ಒಣ ಸಿಪ್ಪೆ (ಪಾರ್ಚ್‌ಮೆಂಟ್) ಬಿಡಿಸಿ, ಜರಡಿಯಲ್ಲಿ ಎಎ, ಎ, ಬಿ, ಸಿ, ಪಿಬಿ (ಪೀಬೆರಿ) ಅಂತ ಬೇರೆ ಮಾಡುತ್ತಾರೆ. ಎಎ ಅಂದರೆ 7.1 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜ. ಬಣ್ಣ ನೋಡಿ ಆರಿಸುವ ಯಂತ್ರ ಬಂದಿದೆ. ಆದರೂ ಕೆಲವು ಕಡೆ ಉದ್ದ ಮೇಜಿನ ಮುಂದೆ ಹೆಂಗಸರು ಕೂತು ಕೈಯಲ್ಲೇ ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಾರೆ. ಕ್ಯೂರಿಂಗ್ ಕೆಲಸ ಜೋರಾಗುವುದು ಕೊಯ್ಲು ಮುಗಿಯುತ್ತಾ ಬಂದಾಗ. ಗೊತ್ತಿಲ್ಲದವರನ್ನು ಒಳಗೆ ಬಿಡುವುದು ಕಡಿಮೆ. ನಿಮ್ಮ ಎಸ್ಟೇಟ್ ಯಜಮಾನರು ತಮ್ಮ ಕಾಫಿ ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಅವರಿಂದಲೇ ಒಂದು ಮಾತು ಹೇಳಿಸಿ. ಆಗದಿದ್ದರೆ ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯ ಕಾಫಿ ಯಾತ್ರಾ ಮ್ಯೂಸಿಯಂ ಇದೆ.

ಕುಂದಾಪ್ರದ ಮಗಳು

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ನನ್ನ ಅಮ್ಮ 22 ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾರೆ. ನಮ್ಮ ಕಡೆ ಅರ್ಧ ಊರಿನ ಹೆಂಗಸರು ಅದೇ ಕೆಲಸದಲ್ಲಿ ಮಕ್ಕಳನ್ನು ಓದಿಸಿದ್ದು.

ಗೇರುಬೀಜ ಒಡೆಯುವುದು ಕಡಲೆಕಾಯಿ ಬಿಡಿಸಿದ ಹಾಗಲ್ಲ. ಚಿಪ್ಪಿನ ಒಳಗೆ ಎಣ್ಣೆ ಇರುತ್ತದೆ. ಅದು ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕಪ್ಪಾಗುತ್ತದೆ. ಒಡೆಯುವವರು ಕೈಗೆ ಬೇರೆ ಎಣ್ಣೆಯೋ ಬೂದಿಯೋ ಹಚ್ಚಿಕೊಂಡು ಕೂರುತ್ತಿದ್ದರು. ಈಗ ಹಬೆಯಲ್ಲಿ ಬೇಯಿಸಿ, ಯಂತ್ರದಲ್ಲಿ ಕತ್ತರಿಸುವುದು ಜಾಸ್ತಿ ಆಗಿದೆ. ಒಡೆದ ತಿರುಳನ್ನು ಬೊರ್ಮಾದಲ್ಲಿ (ಬಿಸಿಗಾಳಿಯ ಒಣಗಿಸುವ ಗೂಡು) ಒಣಗಿಸಿ, ಮೇಲಿನ ಕೆಂಪು ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರೆ ಮಾಡುತ್ತಾರೆ. ಡಬ್ಬಿಯ ಮೇಲೆ ಡಬ್ಲ್ಯೂ 240, ಡಬ್ಲ್ಯೂ 320 ಅಂತ ಇರುತ್ತದಲ್ಲ, ಅದು ಒಂದು ಪೌಂಡಿಗೆ ಸುಮಾರು ಎಷ್ಟು ಇಡೀ ಬೀಜ ಬರುತ್ತದೆ ಅನ್ನುವ ಲೆಕ್ಕ. ಸಂಖ್ಯೆ ಕಡಿಮೆ ಆದಷ್ಟೂ ಬೀಜ ದೊಡ್ಡದು, ಬೆಲೆ ಜಾಸ್ತಿ. ಬೀಜ ತುಂಡಾದರೆ ಬೆಲೆ ಬಿದ್ದುಹೋಗುತ್ತದೆ. ಅಮ್ಮನಿಗೆ ಈಗಲೂ ಮನೆಯಲ್ಲಿ ತುಂಡು ಗೋಡಂಬಿ ಕಂಡರೆ "ಯಾರೋ ಅವಸರ ಮಾಡಿದ್ದಾರೆ" ಅಂತ ಬಾಯಿಗೆ ಬರುತ್ತದೆ.

ಕಾರ್ಖಾನೆಗೆ ಆಗಾಗ ನೋಡಲು ಜನ ಬರುತ್ತಿದ್ದರಂತೆ. ಬಂದು, ಕೈಗಳ ಫೋಟೋ ತೆಗೆದು, ಗೋಡಂಬಿ ತಗೊಂಡು ಹೋಗುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು ಅಮ್ಮನ ಹೆಸರು ಕೇಳಿದ್ದರು. ಒಬ್ಬ ಟೀಚರ್. ಶಾಲೆ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. "ಅಕ್ಕ, ನಿಮ್ಮ ಹೆಸರೇನು, ಈ ಕೆಲಸ ಕಲಿಯಲು ಎಷ್ಟು ದಿನ ಬೇಕಾಯ್ತು" ಅಂತ ಕೇಳಿದರಂತೆ. ಅವತ್ತು ಅಮ್ಮ ಮನೆಗೆ ಬಂದು ಅದನ್ನೇ ನಾಲ್ಕು ಸಲ ಹೇಳಿದರು. ನನಗೆ ಆಗ ಎಂಟು ವರ್ಷ, ಚೆನ್ನಾಗಿ ನೆನಪಿದೆ.

ಒಂಟಿ ಚಾರಣಿಗ

ಕುಂದಾಪ್ರದ ಮಗಳು ಬರೆದದ್ದು ಓದಿ ಮನಸ್ಸಿಗೆ ತಾಗಿತು. ನನಗೆ ಈ ಇಡೀ ಯೋಚನೆಯ ಬಗ್ಗೆಯೇ ಅನುಮಾನ ಇದೆ. ನಾವು ರಜೆ ಕಳೆಯಲು ಹೋಗಿರುತ್ತೇವೆ, ಅವರು ಕೂಲಿಗೆ ದುಡಿಯುತ್ತಿರುತ್ತಾರೆ. ಬೇಸರ ಕಳೆಯಲು ಇನ್ನೊಬ್ಬರ ಬೆವರು ನೋಡುವುದು ಸರಿಯಾ? ನಾನಾದರೆ ಕಾಡಲ್ಲೇ ಇರುತ್ತೇನೆ.

ಕುಂದಾಪ್ರದ ಮಗಳು

ಅಣ್ಣ, ನೀವು ಬರದಿದ್ದರೆ ಅಮ್ಮನ ಕೆಲಸ ಯಾರಿಗೂ ಕಾಣುವುದೇ ಇಲ್ಲ. ಬೇಡ ಅಂತ ನಾನು ಹೇಳಲಿಲ್ಲ. ಬನ್ನಿ ಅಂತಲೇ ಹೇಳುತ್ತಿದ್ದೇನೆ. ಬರುವ ಮೊದಲು ಕೇಳಿ. ಕೆಲಸ ಮಾಡುವವರು ಎಷ್ಟೋ ಕಡೆ ಕೆಜಿ ಲೆಕ್ಕದಲ್ಲಿ ಕೂಲಿ ತಗೊಳ್ಳುತ್ತಾರೆ. ನೀವು ಹತ್ತು ನಿಮಿಷ ಮಾತಾಡಿಸಿದರೆ ಹತ್ತು ನಿಮಿಷದ ದುಡಿಮೆ ಹೋಗುತ್ತದೆ. ಅದಕ್ಕೇ ಊಟದ ಬಿಡುವಿನಲ್ಲಿ, ಟೀ ಹೊತ್ತಿನಲ್ಲಿ ಮಾತಾಡಿಸಿ. ಮುಖದ ಫೋಟೋ ಬೇಕಿದ್ದರೆ ಅವರನ್ನೇ ಕೇಳಿ. ಮಾಲೀಕರು ಹೂಂ ಅಂದರೆ ಅಮ್ಮ ಹೂಂ ಅಂದ ಹಾಗೆ ಆಗುವುದಿಲ್ಲ.

ಗಾಣದಮನೆ (ಮಂಡ್ಯ)

ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಈಗ ಬೇರೆ ರಾಜ್ಯದಿಂದ ಬಂದವರೂ ಕೆಲಸಕ್ಕಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ ಅಂತ ನೋಡಲು ಬಂದವರು ಅವರನ್ನು ಬಿಟ್ಟು ನನ್ನ ಹತ್ತಿರ ಮಾತ್ರ ಮಾತಾಡುತ್ತಾರೆ. ಹದ ನೋಡುವವರು ಅವರು. ನಾನು ಯಜಮಾನ ಅಷ್ಟೇ.

ಧಾರವಾಡದವ

ನಮ್ಮ ಉತ್ತರ ಕರ್ನಾಟಕ ಯಾರೂ ಹೇಳಲೇ ಇಲ್ಲವಲ್ಲ. ದಾಂಡೇಲಿಗೆ ಟೆಂಟ್ ಹಾಕಲು ಬೆಂಗಳೂರಿನಿಂದ ಎಷ್ಟು ಜನ ಬರುತ್ತೀರಿ. ವಾಪಸ್ಸು ಹೋಗುವಾಗ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಳಿಯಿರಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ತಯಾರಿಕಾ ಘಟಕ ಅಲ್ಲಿದೆ. ಸಂಘ ಹುಟ್ಟಿದ್ದು 1957ರಲ್ಲಿ. ಬಾಗಲಕೋಟೆ ಕಡೆ ನೂತು ನೇಯ್ದ ಖಾದಿ ಬರುತ್ತದೆ. ಬಿಳಿ, ಕೇಸರಿ, ಹಸಿರು ಅಂತ ಬೇರೆ ಬೇರೆ ಮಾಡಿ, ಅಶೋಕ ಚಕ್ರವನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. 24 ಗೆರೆ ಈ ಬದಿ, ಆ ಬದಿ ಕೂಡಿಬರಬೇಕು. ಎಳೆಯಷ್ಟು ಸರಿದರೂ ಅದು ಧ್ವಜ ಅನ್ನಿಸಿಕೊಳ್ಳುವುದಿಲ್ಲ. ಮೇಜಿನ ಮೇಲಿಡುವ ಸಣ್ಣದರಿಂದ 21 ಅಡಿ ಉದ್ದ, 14 ಅಡಿ ಅಗಲದ ದೊಡ್ಡದರವರೆಗೆ ಒಂಬತ್ತು ಅಳತೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆಗಸ್ಟ್ ಹತ್ತಿರ ಬಂದಾಗ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ, ಆಗ ಹೋಗಬೇಡಿ.

ಸಾಗರದ ಸೋನೆ

ಜೋಗದ ಕಡೆ ಬಂದವರಿಗೆ: ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರಿ ಸಂಘ ಇದೆ. ಕೈಮಗ್ಗ, ನೈಸರ್ಗಿಕ ಬಣ್ಣ. ನಮ್ಮ ಮನೆಗಳಲ್ಲಿ ಅಡಿಕೆ ಬೇಯಿಸಿ ಉಳಿದ ನೀರು, ಚೊಗರು ಇರುತ್ತದಲ್ಲ, ಅದರಿಂದಲೇ ಕೆಂಪು ಕಂದು ಬಣ್ಣ ಮಾಡುತ್ತಾರೆ. ಚೊಗರು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅಂತ ಅಜ್ಜಿ ಬೈಯುತ್ತಿದ್ದರು. ಹೋಗದ ಆ ಕಲೆಯೇ ಅಲ್ಲಿ ಬಣ್ಣ.

ಇನ್ನೊಂದು ಚಿಕ್ಕ ವಿಷಯ. ಮಲೆನಾಡು, ಕರಾವಳಿಯಲ್ಲಿ ಟೆಂಟ್ ಹಾಕಿದರೆ ಹತ್ತಿರದ ಹಳೇ ಮನೆಯಲ್ಲಿ ಬಿದ್ದ ಹಂಚು ಸಿಕ್ಕೇ ಸಿಗುತ್ತದೆ. ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ವರ್ಷವೂ ಇರುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಹೊಳೆ ದಂಡೆಯ ಜೇಡಿಮಣ್ಣು ಅಲ್ಲೇ ಇತ್ತು. ಈಗ ಎಷ್ಟೋ ಹಂಚಿನ ಕಾರ್ಖಾನೆ ಮುಚ್ಚಿವೆ. ನಡೆಯುತ್ತಿರುವುದು ಕಂಡರೆ ಈಗಲೇ ನೋಡಿಬಿಡಿ.

ಹಳೇ ಸ್ಕೌಟ್ (ಮೈಸೂರು)

ಮರೆತಿದ್ದೆ. ಎಲ್ಲೇ ಹೋದರೂ ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ಮತ್ತೆ, ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಟೆಂಟ್ ಹಾಕಬೇಡಿ. ಹೊಳೆದಂಡೆ ಅವರು ಮಾಡಿದ ಹಾಗೆ ರೈತರ ತೋಟ ಒಳ್ಳೆಯದು. ಊರಿನ ಒಬ್ಬರ ಪರಿಚಯ ಆಗುತ್ತದೆ, ಅವರೇ ಉಳಿದ ಬಾಗಿಲು ತೆಗೆಸುತ್ತಾರೆ.

ಹೊಳೆದಂಡೆ (ಬೆಂಗಳೂರು)

ಹೋಗಿ ಬಂದೆವು. ಮೊದಲು ಎಲ್ಲರಿಗೂ ಧನ್ಯವಾದ.

ರಾಮನಗರದಲ್ಲಿ ಮಗಳಿಗೆ ಮೊದಲೇ ಎಲ್ಲ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬರ್ತೀನಿ, ಆದ್ರೆ ಬೇಯಿಸೋದು ನೋಡಲ್ಲ" ಅಂದಳು. ಹಾಗೇ ಮಾಡಿದೆವು. ಬೇಸಿನ್ ಹತ್ತಿರ ನಿಂತಾಗ ಅಲ್ಲಿನ ಅಮ್ಮ ಟೀ ಹೊತ್ತಿನಲ್ಲಿ ಒಂದು ಗೂಡಿನ ಎಳೆ ತೆಗೆದು ಇವಳ ಬೆರಳಿಗೆ ಸುತ್ತಿದರು. ಮಗಳು ಅವರ ಹೆಸರು ಕೇಳಿದಳು, ಆಮೇಲೆ "ನಿಮ್ಮ ಕೈ ನೋಡಬಹುದಾ" ಅಂತ ಕೇಳಿದಳು. ಬೆರಳ ತುದಿ ಬಿಳುಚಿ, ನೀರಲ್ಲಿ ನೆನೆದು ಸುಕ್ಕಾಗಿದ್ದವು. ಅವರು ನಗುತ್ತಾ, "ರಾತ್ರಿ ಸರಿ ಹೋಗುತ್ತೆ ಮಗಾ, ಬೆಳಗ್ಗೆ ಮತ್ತೆ ಹಿಂಗೇ" ಅಂದರು. ನಾವು ಫೋಟೋ ತೆಗೆಯಲಿಲ್ಲ. ಮಗಳು ಕಾರಿನಲ್ಲಿ ಕೂತು ಆ ಕೈಯ ಚಿತ್ರ ಬರೆದಳು.

ಚನ್ನಪಟ್ಟಣ ಚೆನ್ನಾಗಿತ್ತು. ಮಗನಿಗೆ ಮೂರು ಬುಗುರಿ. ಇನ್ನೊಂದು ಊರಲ್ಲಿ ಒಂದು ಕಾರ್ಖಾನೆಯ ಗೇಟಿನಲ್ಲೇ ವಾಪಸ್ಸು ಕಳಿಸಿದರು. ಮೊದಲು ಫೋನ್ ಮಾಡಿರಲಿಲ್ಲ, ತಪ್ಪು ನಮ್ಮದೇ. ಆಲೆಮನೆಯಲ್ಲಿ ಕಂದು ಬೆಲ್ಲ ಐದು ಕೆಜಿ ತಗೊಂಡೆವು. ಬಣ್ಣ ನೋಡಿ ನನ್ನ ಅತ್ತೆ "ಹಳೇದು ಕೊಟ್ಟುಬಿಟ್ಟಿದ್ದಾರೆ" ಅಂದರು. ಪಾಯಸ ಮಾಡಿದ ಮೇಲೆ ಇನ್ನೂ ಎರಡು ಕೆಜಿ ತರಿಸಿ ಅಂತ ಹೇಳಿದ್ದಾರೆ.

ನನಗೆ ಜಾಸ್ತಿ ಮನಸ್ಸಲ್ಲಿ ಉಳಿದದ್ದು ಎಸ್ಟೇಟ್‌ನ ಎರಡನೇ ಸಂಜೆ. ಹಣ್ಣು ಅಳೆಯುವಾಗ ನಾವು ಶೆಡ್ಡಿನ ಮೂಲೆಯಲ್ಲಿ ನಿಂತಿದ್ದೆವು. ಒಬ್ಬ ಅಜ್ಜಿಯ ಚೀಲ ತೂಗಿದಾಗ ಅವರು ರೈಟರ್ ಪುಸ್ತಕದ ಕಡೆ ನೋಡಲಿಲ್ಲ, ಮುಳ್ಳಿನ ಕಡೆಯೇ ನೋಡುತ್ತಿದ್ದರು. ಮುಳ್ಳು ನಿಂತ ಮೇಲೆ ಬಾಯಲ್ಲೇ ಲೆಕ್ಕ ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟರು. ರಾತ್ರಿ ಟೆಂಟ್‌ನಲ್ಲಿ ಮಲಗಿದಾಗ ಪಲ್ಪರ್ ಸದ್ದು ಕೇಳುತ್ತಲೇ ಇತ್ತು. ಮಗ, "ಅಪ್ಪಾ, ಅಜ್ಜಿ ಕೊಯ್ದ ಹಣ್ಣೂ ಈಗ ಅದ್ರೊಳಗೆ ಇದ್ಯಾ" ಅಂತ ಕೇಳಿದ. ಇದೆ ಅಂದೆ. ಸದ್ದು ನಿಲ್ಲುವವರೆಗೂ ಎದ್ದೇ ಇದ್ದ.

ಪೀಬೆರಿ ಹನ್ನೊಂದು ಸಿಕ್ಕವು. ಯಜಮಾನರನ್ನು ಕೇಳಿಯೇ ತಂದಿದ್ದೇವೆ.

ಮುಂದಿನ ತಿಂಗಳು ಶಿರಸಿ ಕಡೆ ಹೊರಟಿದ್ದೇವೆ. ಅಲ್ಲಿನ ಆಲೆಮನೆಯಲ್ಲಿ ಜೋನಿ ಬೆಲ್ಲ ಮಾಡುತ್ತಾರಂತಲ್ಲ. ಅದು ನೀರಾಗಿರುತ್ತದೆ, ತರುವುದು ಹೇಗೆ?

ಸಾಗರದ ಸೋನೆ

ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬ ತನ್ನಿ, ಪೂರ್ತಿ ಒಣಗಿರಬೇಕು. ಕುತ್ತಿಗೆವರೆಗೆ ತುಂಬಿಸಬೇಡಿ. ರಾತ್ರಿ ಹೊತ್ತು ಆಲೆಮನೆಗೆ ಹೋದರೆ ಕಬ್ಬಿನ ಹಾಲಿನ ಜೊತೆ ಮಂಡಕ್ಕಿ, ಮಿರ್ಚಿ ಭಜಿ ಇರುತ್ತದೆ. ಬಿಸಿ ನೊರೆ ಬೆಲ್ಲ ಬಾಳೆ ಎಲೆಯ ಮೇಲೆ ಕೊಡುತ್ತಾರೆ. ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ.

ಒಂಟಿ ಚಾರಣಿಗ

ಹೊಳೆದಂಡೆ ಸರ್, ಶಿರಸಿಗೆ ಹೊರಡುವ ದಿನಾಂಕ ಹೇಳಿ. ಜಾಗ ಇದ್ದರೆ ನನ್ನ ಟೆಂಟನ್ನೂ ಪಕ್ಕದಲ್ಲಿ ಹಾಕುತ್ತೇನೆ.